ಎರಡನೆಯ ಸಲ ಮನೆ ಬಿಡುವಾಗ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 24. ಕಳೆದ ವರ್ಷ ಎಂ.ಎಸ್ಸಿ. ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೋದೆ. ಪರೀಕ್ಷೆ ಮುಗಿಸಿ ಆಗಸ್ಟ್‌ನಲ್ಲಿ ಊರಿಗೆ ಬಂದಿದ್ದೇನೆ, ಸೆಪ್ಟೆಂಬರ್ ಕೊನೆಗೆ ಮತ್ತೆ ಹೊರಡಬೇಕು. ಮೊದಲ ಸಲ ಹೊರಟಾಗ ಕಣ್ಣಲ್ಲಿ ನೀರು ಬರಲಿಲ್ಲ. ಈ ಸಲ ಅಟ್ಟದ ಮೇಲಿಟ್ಟ ಸೂಟ್‌ಕೇಸ್ ಕಂಡರೇ ಹೊಟ್ಟೆ ತೊಳೆಸುತ್ತದೆ. ಆಯಿಗೆ ಹೇಳಿದರೆ ‘ಹಾಗಾದರೆ ಹೋಗಬೇಡ ಬಿಡು’ ಎನ್ನುತ್ತಾಳೆ. ಅಪ್ಪನ ಹತ್ತಿರ ಹೇಳಲು ಧೈರ್ಯವಿಲ್ಲ, ನನ್ನ ಓದಿನ ಸಾಲ ಅವರ ತಲೆಯ ಮೇಲಿದೆ. ಅಜ್ಜಿಗೆ 83. ‘ಮುಂದಿನ ಸಲ ನಾನು ಇರುತ್ತೇನೋ ಇಲ್ಲವೋ’ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಓದು ಬಿಡುವ ಮನಸ್ಸಿಲ್ಲ. ಹೊರಡಲು ಹೇಗೆ ತಯಾರಾಗಲಿ? ಅಜ್ಜಿಗೆ ಏನು ಹೇಳಿ ಹೊರಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊರದೇಶಕ್ಕೆ ಓದಲು ಹೋಗುವ ಮಕ್ಕಳೊಂದಿಗೆ ಆಪ್ತಸಮಾಲೋಚಕಿಯಾಗಿ ಬಹಳ ವರ್ಷಗಳಿಂದ ಮಾತನಾಡುತ್ತ ಬಂದಿದ್ದೇನೆ. ಮೊದಲ ಸಲ ಹೊರಡುವವರು ನನ್ನ ಬಳಿ ವೀಸಾ, ವಿಮೆ, ಚಳಿಯ ಬಟ್ಟೆ ಕೇಳಲು ಬರುತ್ತಾರೆ. ಎರಡನೆಯ ಸಲ ಹೊರಡುವವರು ಬಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಾರೆ. ಒಮ್ಮೆ ಹೋಗಿ ಬಂದ ಮೇಲೆ ಎಲ್ಲ ಸುಲಭ ಎಂದು ಮನೆಯವರೂ ಊರವರೂ ನಂಬಿರುವುದರಿಂದ, ತಮಗೆ ಕಷ್ಟವಾಗುತ್ತಿದೆ ಎಂದು ಹೇಳಲು ಅವರಿಗೆ ಬಾಯಿ ಬರುವುದಿಲ್ಲ. ನೀವು ಬರೆದು ಕೇಳಿದಿರಿ. ಅದು ದೊಡ್ಡದು.

ಮೊದಲ ಸಲ ನಿಮ್ಮನ್ನು ಕಳಿಸಿದ್ದು ಇಡೀ ಮನೆ. ಯಾರೋ ಸ್ವೆಟರ್ ತಂದರು, ಯಾರೋ ಹಪ್ಪಳ ಕಟ್ಟಿಕೊಟ್ಟರು, ನೆಂಟರು ಬಂದು ಹಣೆಗೆ ಕುಂಕುಮ ಇಟ್ಟು ಕೈಗೆ ದುಡ್ಡು ಕೊಟ್ಟರು. ಆ ಗದ್ದಲವೇ ನಿಮ್ಮನ್ನು ವಿಮಾನ ಹತ್ತಿಸಿತು. ಹೋಗುವ ಜಾಗವೂ ಬರಿಯ ಚಿತ್ರವಾಗಿತ್ತು, ಚಿತ್ರಕ್ಕೆ ಹೆದರುವವರು ಯಾರು? ಈಗ ನಿಮಗೆ ಆ ಕೋಣೆ ಗೊತ್ತು. ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಗೆ ಕತ್ತಲಾಗುವುದು ಗೊತ್ತು, ಭಾನುವಾರ ಇಡೀ ಬೀದಿ ಉಸಿರು ಬಿಗಿಹಿಡಿದಂತೆ ಸುಮ್ಮನಿರುವುದು ಗೊತ್ತು. ಇನ್ನೊಂದು ಸಂಗತಿಯೂ ಇದೆ. ಒಂದು ವರ್ಷ ದಿನಕ್ಕಿಷ್ಟಿಷ್ಟೇ ಆಗಬೇಕಾದ ಬದಲಾವಣೆಯನ್ನು ನೀವು ಒಂದೇ ದಿನದಲ್ಲಿ ನೋಡಿದಿರಿ. ಅಜ್ಜಿ ಜಗಲಿಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವುದು ಮನೆಯವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ, ನಿಮ್ಮ ಕಣ್ಣಿಗೆ ಬಾಗಿಲಲ್ಲೇ ಬಿದ್ದಿರುತ್ತದೆ. ಹಾಗೆ ನೋಡಿದವರು ಹಗುರಾಗಿ ಹೊರಡುವುದು ಸಾಧ್ಯವಿಲ್ಲ.

ಇದನ್ನು ಅಭ್ಯಾಸ ಮಾಡಿದವರೂ ಇದ್ದಾರೆ. ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯ ವಿದ್ಯಾರ್ಥಿಗಳು ಮತ್ತು ವಿದ್ವಾಂಸರನ್ನು ಮಾತನಾಡಿಸಿ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್‌ಗೋರ್ಡ್ 1955ರಲ್ಲಿ ಬರೆದರು: ಮೊದಲು ಉತ್ಸಾಹ, ಆಮೇಲೆ ಕುಸಿತ, ನಿಧಾನವಾಗಿ ಮತ್ತೆ ಮೇಲೆ. 1963ರಲ್ಲಿ ಗಲ್ಲಾಹಾರ್ನ್ ದಂಪತಿ, ಊರಿಗೆ ಮರಳಿದಾಗಲೂ ಇದೇ ಏರಿಳಿತ ಇನ್ನೊಮ್ಮೆ ಆಗುತ್ತದೆ ಎಂದರು. ಎಲ್ಲರ ಅನುಭವವೂ ಈ ರೇಖೆಯಂತೆ ನಡೆಯುವುದಿಲ್ಲ ಎಂದು ನಂತರ ಬಂದ ಸಂಶೋಧಕರು ತೋರಿಸಿದ್ದಾರೆ, ನಾನು ಕಂಡದ್ದೂ ಹಾಗೆಯೇ. ಆದರೆ ಒಂದು ಮಾತು ಮಾತ್ರ ನಿಜ: ಮನೆಗೆ ಒಗ್ಗಿಕೊಳ್ಳುವುದೂ ಒಂದು ಕೆಲಸ. ನೀವು ಬಂದ ಮೊದಲ ವಾರ ನಿದ್ದೆ ಸರಿಯಾಗಲಿಲ್ಲ, ಯಾರೋ ಕೇಳದೆ ಕೋಣೆಯೊಳಗೆ ಬಂದರೆ ಸಿಟ್ಟು ಬಂತು ಅಲ್ಲವೇ? ಅದು ದಾಟಿ ಈಗಷ್ಟೇ ಮೈ ಮನೆಗೆ ಹೊಂದಿಕೊಂಡಿದೆ. ಬೇರು ಹಿಡಿದ ಸಸಿಯನ್ನು ಮತ್ತೆ ಕೀಳುವ ಹೊತ್ತು ಇದು.

ನನ್ನ ಮಾತನ್ನೂ ಹೇಳುತ್ತೇನೆ. ನಾನು ಓದುತ್ತಿದ್ದಾಗ ಎರಡನೆಯ ಸಲ ಹೊರಡುವ ಮೊದಲು ನಾಲ್ಕು ದಿನ ಜ್ವರ ಬಂದು ಮಲಗಿದ್ದೆ. ವೈದ್ಯರಿಗೆ ಏನೂ ಸಿಗಲಿಲ್ಲ. ಮನೆಯಲ್ಲಿ ಯಾರೊಬ್ಬರಾದರೂ ‘ಹೋಗಲು ಕಷ್ಟವಾಗುತ್ತಿದೆಯಾ’ ಎಂದು ಕೇಳಿದ್ದರೆ ಆ ಜ್ವರ ಇಳಿಯುತ್ತಿತ್ತು ಎಂದು ಇಂದಿಗೂ ನಂಬಿದ್ದೇನೆ.

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಿ. ಸಂಕಟ ಇರುವುದು ಹೊರಡುವ ದಿನದ ಬಗ್ಗೆಯೋ, ಅಲ್ಲಿನ ಬದುಕಿನ ಬಗ್ಗೆಯೋ? ಹೊರಡುವ ದಿನವನ್ನು ಬಿಟ್ಟು, ಅಲ್ಲಿಗೆ ಹೋದ ಹತ್ತನೆಯ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ತರಗತಿ, ಪ್ರಯೋಗಾಲಯ, ನಿಮ್ಮ ಪರಿಚಯದ ನಾಲ್ಕು ಮುಖ. ಅಲ್ಲಿ ಮನಸ್ಸು ಸ್ವಲ್ಪವಾದರೂ ಚಿಗುರಿದರೆ ಇದು ಅಗಲಿಕೆಯ ನೋವು, ಇದಕ್ಕೆ ತಯಾರಿ ಸಾಕು. ಆ ದಿನವೂ ಕತ್ತಲೆಯಾಗಿಯೇ ಕಂಡರೆ, ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡ ಎನ್ನಿಸಿದ್ದರೆ, ಹೊರಡುವ ಮೊದಲೇ ಮನೋವೈದ್ಯರನ್ನು ಕಾಣಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮನೆಯಿಂದಲೇ ಮಾತನಾಡಬೇಕೆಂದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣವಿಲ್ಲ, ಹಗಲು ರಾತ್ರಿ ಇರುತ್ತದೆ. ಅಗತ್ಯ ಬಿದ್ದರೆ ಒಂದು ಸೆಮಿಸ್ಟರ್ ರಜೆ ಪಡೆಯಲು ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ದಾರಿ ಇದೆ. ಆದರೆ ರಜೆಯಿಂದ ವಾಸದ ಪರವಾನಗಿಯ ಮೇಲೆ ಏನು ಪರಿಣಾಮ ಎಂದು ಮೊದಲು ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಬರೆದು ಕೇಳಿ, ಆಮೇಲೆ ತೀರ್ಮಾನಿಸಿ. ‘ಓದು ಬಿಡುವ ಮನಸ್ಸಿಲ್ಲ’ ಎಂದು ನೀವೇ ಬರೆದಿರುವುದರಿಂದ, ನಿಮ್ಮದು ಮೊದಲನೆಯ ಬಗೆ ಎಂದುಕೊಂಡು ಮುಂದುವರಿಯುತ್ತೇನೆ.

ಮನೆಯವರ ಜೊತೆಗಿನ ಮಾತೇ ನಿಜವಾದ ತಯಾರಿ. ಸೂಟ್‌ಕೇಸ್ ತುಂಬುವುದು ಒಂದು ದಿನದ ಕೆಲಸ.

ಆಯಿ ‘ಹೋಗಬೇಡ ಬಿಡು’ ಎನ್ನುವುದನ್ನು ಸಲಹೆ ಎಂದು ತೆಗೆದುಕೊಳ್ಳಬೇಡಿ. ಮಗಳ ಸಂಕಟ ನೋಡಲಾಗದೆ, ಕೈಗೆ ಸಿಕ್ಕಿದ ಮೊದಲ ಮಾತನ್ನು ಮುಂದಿಡುತ್ತಾರೆ. ಅವರಿಗೆ ಬೇಕಿರುವುದು ಒಂದು ಕೆಲಸ. ‘ಆಯಿ, ನಾನು ಹೋಗಿಯೇ ಹೋಗುತ್ತೇನೆ, ಆದರೆ ನನಗೆ ಕಷ್ಟವಾಗುತ್ತಿದೆ. ನೀನು ಪರಿಹಾರ ಹೇಳುವುದು ಬೇಡ, ಸುಮ್ಮನೆ ಕೇಳು ಸಾಕು’ ಎಂದು ಬಿಡಿಸಿ ಹೇಳಿ. ಕಳೆದ ವರ್ಷ ನೀವು ಕಳಿಸಿದ ಫೋಟೋಗಳಲ್ಲಿ ಎಲ್ಬೆ ನದಿ, ಹಿಮ, ಕ್ರಿಸ್ಮಸ್ ಸಂತೆಯ ದೀಪಗಳಷ್ಟೇ ಇದ್ದಿರಬೇಕು. ಅನ್ನ ಸೀದ ದಿನ, ಮೂರು ದಿನ ಯಾರೊಂದಿಗೂ ಕನ್ನಡ ಮಾತನಾಡದೆ ಕಳೆದದ್ದು, ಮನೆ ಹುಡುಕಿದ ಪಾಡು ಯಾವುದನ್ನೂ ಹೇಳಿರುವುದಿಲ್ಲ. ಮಕ್ಕಳು ಹೀಗೆ ಮರೆಮಾಡುವುದು ಪ್ರೀತಿಯಿಂದಲೇ. ಆದರೆ ಅದರಿಂದ ಏನಾಗುತ್ತದೆ ಎಂದರೆ, ನಿಮ್ಮ ನಿಜವಾದ ಬದುಕು ಮನೆಯ ಒಬ್ಬರಿಗೂ ತಿಳಿಯದೆ ಉಳಿಯುತ್ತದೆ, ನೀವು ಎರಡು ಕಡೆಯೂ ಒಂಟಿಯಾಗುತ್ತೀರಿ. ಒಂದು ಸಂಜೆ ಕುಳಿತು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ನಿಮ್ಮ ಒಂದು ದಿನ ಹೇಗಿರುತ್ತದೆ ಎಂದು ಹೇಳಿ. ಒಲೆ ಎಲ್ಲಿದೆ, ಟ್ರಾಮ್ ಎಲ್ಲಿ ಹತ್ತುತ್ತೀರಿ, ಪಕ್ಕದ ಕೋಣೆಯವರು ಯಾರು. ಮಗಳು ಇರುವ ಜಾಗ ಮನಸ್ಸಿನಲ್ಲಿ ಮೂಡಿದರೆ ತಾಯಿಯ ಅರ್ಧ ಭಯ ಕಡಿಮೆಯಾಗುತ್ತದೆ.

ಅಪ್ಪನ ಹತ್ತಿರ ಸಾಲದ ಮಾತನ್ನು ನೀವೇ ತೆಗೆಯಿರಿ. ಈಗ ಅವರು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮರ ಹತ್ತುವ ಕೊನೆಗೌಡ ಸಿಗದೆ ಒದ್ದಾಡುತ್ತಿರಬಹುದು. ಮಳೆ ಬಿಡುವು ಕೊಟ್ಟ ಒಂದು ದಿನ ತೋಟಕ್ಕೆ ಅವರ ಜೊತೆ ಹೋಗಿ. ಎದುರುಬದುರು ಕುಳಿತಾಗ ಬಾರದ ಮಾತು ಕಾಲುದಾರಿಯಲ್ಲಿ ಬರುತ್ತದೆ. ಸಾಲ ಎಷ್ಟಾಗಿದೆ, ಇನ್ನೆಷ್ಟು ಕಂತು ಬ್ಯಾಂಕಿನಿಂದ ಬರಬೇಕು, ಓದು ಮುಗಿದ ಎಷ್ಟು ತಿಂಗಳಿಗೆ ತೀರಿಸಲು ಶುರು ಮಾಡಬೇಕು, ಬಡ್ಡಿ ಈಗಿನಿಂದಲೇ ಕಟ್ಟುತ್ತಿದ್ದಾರೆಯೇ, ಈ ನಾಲ್ಕನ್ನು ತಿಳಿದುಕೊಳ್ಳಿ. ಲೆಕ್ಕ ಗೊತ್ತಿಲ್ಲದ ಸಾಲ ಮನಸ್ಸಿನಲ್ಲಿ ಬೆಟ್ಟವಾಗಿ ಬೆಳೆಯುತ್ತದೆ.

ಇನ್ನು ಯಾರೂ ಆಡಲು ಬಯಸದ ಮಾತು. ನೀವು ಅಲ್ಲಿರುವಾಗ ಅಜ್ಜಿಗೆ ಏನಾದರೂ ಆದರೆ? ‘ಅವಳಿಗೆ ಪರೀಕ್ಷೆ ಇದೆ, ಈಗ ಹೇಳುವುದು ಬೇಡ’ ಎಂದು ತೀರ್ಮಾನಿಸುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನ್ನ ಅಜ್ಜ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ. ನಡುವೆ ಎರಡು ಸಲ ಫೋನ್ ಮಾಡಿದ್ದೆ, ಎರಡು ಸಲವೂ ‘ಅಜ್ಜ ಮಲಗಿದ್ದಾರೆ’ ಎಂದರು. ಅವರ ಉದ್ದೇಶ ಒಳ್ಳೆಯದಿತ್ತು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆಮೇಲೆ ಮೂರು ವರ್ಷ, ಮನೆಯವರು ‘ಎಲ್ಲ ಚೆನ್ನಾಗಿದೆ’ ಎಂದಾಗಲೆಲ್ಲ ನನಗೆ ನಿದ್ದೆ ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಬಾರದು. ಒಂದು ಒಪ್ಪಂದ ಮಾಡಿಕೊಳ್ಳಿ: ಯಾವ ಸುದ್ದಿಯಾದರೂ ಅದೇ ದಿನ ಹೇಳಬೇಕು, ನಡುರಾತ್ರಿಯಾದರೂ ಸರಿ. ಯಾರು ಹೇಳಬೇಕು ಎಂದೂ ಈಗಲೇ ಗೊತ್ತುಮಾಡಿ. ಅಳದೆ ಮಾತನಾಡಬಲ್ಲ ಒಬ್ಬ ಚಿಕ್ಕಪ್ಪ, ಅತ್ತೆ ಇದ್ದೇ ಇರುತ್ತಾರೆ. ಒಂದು ಟಿಕೆಟಿಗೆ ಬೇಕಾದಷ್ಟು ಹಣವನ್ನು ಮುಟ್ಟದೆ ಬೇರೆ ಇಡಿ. ಮತ್ತು ಬರಲು ಆಗದೇ ಹೋಗಬಹುದು ಎಂಬುದನ್ನೂ ಮಾತನಾಡಿ. ವಿಮಾನ ಹಿಡಿದು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಶಿರಸಿ ತಲುಪುವ ಹೊತ್ತಿಗೆ ಬಹುತೇಕ ಎರಡು ದಿನವಾಗಿರುತ್ತದೆ. ನಿಮ್ಮನ್ನು ಕಾಯಬೇಕೋ ಬೇಡವೋ ಎಂಬ ಭಾರವನ್ನು ಆ ಹೊತ್ತಿನಲ್ಲಿ ಅಪ್ಪನ ಮೇಲೆ ಹೊರಿಸಬೇಡಿ, ‘ಕಾಯುವುದು ಬೇಡ’ ಎಂದು ನೀವೇ ಹೇಳಿಡಿ. ಇದನ್ನು ಓದುವಾಗಲೇ ಕಷ್ಟವಾಗುತ್ತಿರಬಹುದು. ಆದರೂ ಮಾತನಾಡಿ. ಈ ಮಾತು ಮುಗಿಸಿದ ಮನೆಗಳಲ್ಲಿ ಮಾರನೆಯ ದಿನ ಎಲ್ಲರೂ ಹಸಿದು ಊಟ ಮಾಡುವುದನ್ನು ನಾನು ಕೇಳಿ ತಿಳಿದಿದ್ದೇನೆ.

ಉಳಿದ ದಿನಗಳನ್ನು ನೆಂಟರ ಮನೆ ಸುತ್ತಿ ಕಳೆಯಬೇಡಿ. ಹೋಗಲೇಬೇಕಾದ ಎರಡು ಮನೆಗೆ ಹೋಗಿ ಬನ್ನಿ, ಉಳಿದವರಿಗೆ ಫೋನ್ ಸಾಕು. ‘ಇಲ್ಲಿಯವರೆಗೆ ಬಂದು ನಮ್ಮ ಮನೆಗೆ ಬರಲಿಲ್ಲ’ ಎಂಬ ಮಾತು ಬರುತ್ತದೆ, ಬರಲಿ. ಮನೆಯಲ್ಲಿ ಅತಿಥಿಯಂತೆ ಇರದೆ ದಿನಕ್ಕೊಂದು ಕೆಲಸವನ್ನು ನಿಮ್ಮದಾಗಿ ಮಾಡಿಕೊಳ್ಳಿ: ಕೊಟ್ಟಿಗೆಗೆ ಹುಲ್ಲು ಹಾಕುವುದೋ, ಸಂಜೆ ದೀಪ ಹಚ್ಚುವುದೋ. ಅಜ್ಜಿಯ ಹತ್ತಿರ ಕುಳಿತು ಒಂದೆಲಗದ ತಂಬುಳಿಗೆ ಎಷ್ಟು ಜೀರಿಗೆ, ಎಷ್ಟು ಮೆಣಸು ಎಂದು ಅಳೆದು ಬರೆದುಕೊಳ್ಳಿ. ‘ಕೈ ಅಳತೆ’ ಎನ್ನುತ್ತಾರೆ, ಅವರ ಕೈಯಿಂದ ಚಮಚಕ್ಕೆ ಸುರಿಸಿ ನೋಡಿ. ಅವರ ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳುವುದಾದರೆ ಕೇಳಿಯೇ ಮಾಡಿ. ತನ್ನ ತವರಿನ ಬಗ್ಗೆ, ಮದುವೆಯಾಗಿ ಈ ಮನೆಗೆ ಬಂದ ದಿನದ ಬಗ್ಗೆ ಕೇಳಿ. ಮನೆ ಬಿಟ್ಟು ಬೇರೆ ಮನೆಗೆ ಹೋಗಿ ಬದುಕು ಕಟ್ಟಿದ ವಿದ್ಯೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ಅವರಿಗೇ.

ಕಾಗದಪತ್ರದ ಬಗ್ಗೆ ನೀವು ಕೇಳಿಲ್ಲ. ಆದರೆ ಎರಡನೆಯ ಸಲ ಹೊರಡುವವರು ಎಡವುವುದು ಇಲ್ಲಿಯೇ, ಏಕೆಂದರೆ ಮೊದಲ ಸಲದಷ್ಟು ಎಚ್ಚರ ಇರುವುದಿಲ್ಲ. ಇಂದೇ ನಿಮ್ಮ ವಾಸದ ಪರವಾನಗಿಯ ಕಾರ್ಡಿನ ಮೇಲಿನ ದಿನಾಂಕ ನೋಡಿ. ನವೀಕರಣಕ್ಕೆ ಅರ್ಜಿ ಹಾಕಿ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಹಿಡಿದು ಬಂದಿದ್ದರೆ, ಅದರಲ್ಲಿ ಯಾವ ವಿಧಿಗೆ ಗುರುತು ಹಾಕಿದ್ದಾರೆ ಎಂದು ಓದಿ. ವಾಸದ ಕಾನೂನಿನ 81ನೆಯ ವಿಧಿಯ 4ನೆಯ ಉಪವಿಧಿ ಎಂದಿದ್ದರೆ ಹಳೆಯ ಪರವಾನಗಿಯ ಹಕ್ಕು ಮುಂದುವರಿಯುತ್ತದೆ, ಮರಳಿ ಪ್ರವೇಶಿಸಬಹುದು. 3ನೆಯ ಉಪವಿಧಿ ಎಂದಿದ್ದರೆ ಆ ಪತ್ರದ ಬಲದಿಂದ ಪ್ರವೇಶ ಸಿಗುವುದಿಲ್ಲ, ತಡಮಾಡದೆ ಬೆಂಗಳೂರಿನ ಜರ್ಮನ್ ದೂತಾವಾಸ ಕಚೇರಿಯನ್ನು ಸಂಪರ್ಕಿಸಿ. ಹಳೆಯ ಕಾರ್ಡನ್ನು ಪತ್ರದ ಜೊತೆಗೇ ಇಡಿ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೇಳುತ್ತಾರೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುವುದರಿಂದ ಮರುನೋಂದಣಿಯ ಶುಲ್ಕ ಕಟ್ಟಿದ್ದೀರಾ ಎಂದು ನೋಡಿ. ಅದು ತಪ್ಪಿದರೆ ವಿದ್ಯಾರ್ಥಿಯ ಸ್ಥಾನಕ್ಕೇ ಕುತ್ತು. ಮುಂದಿನ ನವೀಕರಣಕ್ಕೆ ಖರ್ಚಿನ ಹಣ ತೋರಿಸಬೇಕಾದರೆ, 2024ರ ಸೆಪ್ಟೆಂಬರ್‌ನಿಂದ ಲೆಕ್ಕ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಈಗಿನ ಮೊತ್ತವನ್ನು ಒಮ್ಮೆ ಖಚಿತಪಡಿಸಿಕೊಂಡು, ಸಾಲದ ಮುಂದಿನ ಕಂತು ಯಾವಾಗ ಬರಬೇಕು ಎಂದು ಅಪ್ಪನ ಜೊತೆ ಕುಳಿತು ಗೊತ್ತುಮಾಡಿ. ಊರಿನ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಸಾಮಾನ್ಯ ಉಳಿತಾಯ ಖಾತೆ ಇದ್ದರೆ ಅದನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು. ಹೊರದೇಶದಲ್ಲಿ ಓದುವವರನ್ನೂ ರಿಸರ್ವ್ ಬ್ಯಾಂಕ್ ಅನಿವಾಸಿಗಳೆಂದೇ ಎಣಿಸುತ್ತದೆ. ಊರಲ್ಲಿದ್ದಾಗಲೇ ಮುಗಿಸಿಬಿಡಿ.

ಆಯಿ ಈಗಾಗಲೇ ಡಬ್ಬಿ ತುಂಬಲು ಶುರು ಮಾಡಿರುತ್ತಾರೆ, ಅವರಿಗೆ ಇದನ್ನು ಓದಿ ಹೇಳಿ. ತುಪ್ಪ, ಪೇಡ, ಪನೀರ್ ಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ನಮ್ಮ ದೇಶದಿಂದ ಐರೋಪ್ಯ ಒಕ್ಕೂಟದೊಳಗೆ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಜೇನು 2 ಕಿಲೋವರೆಗೆ ಒಯ್ಯಬಹುದು, ಹಾಗಾಗಿ ಮನೆಯ ತುಡುವೆ ಜೇನಿಗೆ ತೊಂದರೆಯಿಲ್ಲ. ಹಸಿ ಕರಿಬೇವಿನ ಬದಲು ನೆರಳಲ್ಲಿ ಒಣಗಿಸಿ ಪುಡಿ ಮಾಡಿದ್ದು ಕೊಂಡುಹೋಗಿ. ಒಣಕೊಬ್ಬರಿ ಬೇಡವೇ ಬೇಡ. ಅದರ ಎಣ್ಣೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದವರು ಕೊಬ್ಬರಿಯನ್ನು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ದುಬೈ ಅಥವಾ ಅಬುಧಾಬಿ ಮೂಲಕ ಹೋಗುವುದಾದರೆ ಗಸಗಸೆಯ ಒಂದು ಕಾಳೂ ಸಾಮಾನಿನಲ್ಲಿ ಇರಬಾರದು, ಆ ದೇಶದಲ್ಲಿ ಅದು ನಿಷೇಧಿತ, ಜೈಲಿನವರೆಗೆ ಹೋಗಬಹುದಾದ ವಿಷಯ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ನಿಶ್ಚಿಂತೆಯಿಂದ ಹೋಗಲಿ. ಉಪ್ಪಿನಕಾಯಿಯ ಭರಣಿ ದೊಡ್ಡ ಸೂಟ್‌ಕೇಸಿನಲ್ಲಿರಲಿ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ಮೂರು ತಿಂಗಳಿಗೆ ಆಗುವಷ್ಟು, ವೈದ್ಯರ ಚೀಟಿಯೊಂದಿಗೆ.

ಅಲ್ಲಿ ತಲುಪಿದ ಮೇಲಿನ ಹತ್ತು ದಿನಗಳನ್ನು ಇಲ್ಲಿಂದಲೇ ಹೊಂದಿಸಿಕೊಳ್ಳಿ. ಖಾಲಿ ಕೋಣೆಯ ಬಾಗಿಲು ತೆರೆದ ಮೊದಲ ಗಂಟೆ ಬಹಳ ಕಷ್ಟದ್ದು. ನಿಮ್ಮ ಪರಿಚಯದ ಒಬ್ಬರಿಗೆ ‘ನಾನು ಬರುವ ದಿನ ಸ್ಟೇಷನ್‌ಗೆ ಬರುತ್ತೀಯಾ’ ಎಂದು ಈಗಲೇ ಕೇಳಿ. ಕೇಳಲು ಸಂಕೋಚಪಡಬೇಡಿ, ಮುಂದಿನ ಸಲ ನೀವು ಅವರಿಗಾಗಿ ಹೋಗುತ್ತೀರಿ. ಶನಿವಾರ ರಾತ್ರಿಯೋ ಭಾನುವಾರವೋ ತಲುಪುವ ಟಿಕೆಟ್ ಬೇಡ, ಅಕ್ಟೋಬರ್ 3ರ ರಾಷ್ಟ್ರೀಯ ರಜೆಯೂ ಬೇಡ. ಅಂಗಡಿ ಮುಚ್ಚಿದ ಊರಿನಲ್ಲಿ ಬರಿಯ ಫ್ರಿಜ್ ನೋಡುತ್ತ ಕೂರುವುದು ಮೊದಲ ದಿನಕ್ಕೆ ತಕ್ಕದ್ದಲ್ಲ. ತಲುಪಿದ ರಾತ್ರಿ ಏನೇ ಆಗಲಿ ಅನ್ನ ಮಾಡಿ.

ಮನೆಗೆ ಫೋನ್ ಮಾಡುವ ಹೊತ್ತು ಗೊತ್ತುಮಾಡಿಕೊಳ್ಳಿ. ಈಗ ಎರಡು ಊರಿನ ಗಡಿಯಾರಕ್ಕೆ ಮೂರೂವರೆ ಗಂಟೆಯ ಅಂತರ. ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ನಾಲ್ಕೂವರೆ. ಅಲ್ಲಿ ಸಂಜೆ 6ಕ್ಕೆ ಮಾಡುವ ಕರೆ ಇಲ್ಲಿ ಒಂಬತ್ತೂವರೆಗೆ ಬರುತ್ತಿದ್ದದ್ದು ಹತ್ತೂವರೆಗೆ ಬರುತ್ತದೆ, ಅಜ್ಜಿ ಮಲಗಿರುತ್ತಾರೆ. ಕಳೆದ ನವೆಂಬರ್‌ನಲ್ಲಿ ‘ಅಜ್ಜಿಯ ಹತ್ತಿರ ಮಾತೇ ಆಗುತ್ತಿಲ್ಲ’ ಎಂದು ನಿಮಗೆ ಅನ್ನಿಸಿದ್ದರೆ ಕಾರಣ ಇಷ್ಟೇ ಇರಬಹುದು. ಅಜ್ಜಿಗೆಂದು ವಾರಕ್ಕೆರಡು ಸಲ ಅಲ್ಲಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕರೆ ಮಾಡಿ, ಇಲ್ಲಿ ಸಂಜೆ ಐದರ ಆಸುಪಾಸು, ಅವರು ಜಗಲಿಯಲ್ಲಿ ಕುಳಿತಿರುವ ಹೊತ್ತು. ದಿನಕ್ಕೆ ಮೂರು ಸಲ ಫೋನ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮೈ ಅಲ್ಲಿ, ಮನಸ್ಸು ಇಲ್ಲಿ ಎಂದಾಗಿ ಎರಡೂ ಕಡೆ ಕೆಲಸ ಕೆಡುತ್ತದೆ. ಚಳಿಗಾಲದಲ್ಲಿ ಹಗಲು ಎಂಟೇ ಗಂಟೆ, ಆ ಬೆಳಕಿನಲ್ಲಿ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ. ವಿದ್ಯಾರ್ಥಿಗಳ ವಸತಿ, ಊಟ ನೋಡಿಕೊಳ್ಳುವ ಸ್ಟೂಡೆಂಟನ್‌ವೆರ್ಕ್ ಸಂಸ್ಥೆಯಲ್ಲಿ ಆಪ್ತಸಮಾಲೋಚನೆಯೂ ಇದೆ. ಸೆಮಿಸ್ಟರ್ ಶುರುವಾದ ಮೇಲೆ ಸರದಿ ಉದ್ದವಾಗುತ್ತದೆ, ಈ ವಾರವೇ ಮೇಲ್ ಬರೆದು ಸಮಯ ಕೇಳಿಡಿ. ಬೇಡವಾದರೆ ರದ್ದು ಮಾಡಿದರಾಯಿತು.

ಹೊರಡುವ ದಿನ ಬೆಂಗಳೂರಿನವರೆಗೆ ಎಲ್ಲರೂ ಬರುವುದು ಬೇಡ. ಶಿರಸಿಯ ಬಸ್ ನಿಲ್ದಾಣದಲ್ಲೇ ಬೀಳ್ಕೊಡಲಿ, ಜೊತೆಗೆ ಒಬ್ಬರು ಸಾಕು. ನೀವು ಹೋದ ಮಾರನೆಯ ದಿನ ಆಯಿಯ ಜೊತೆ ಯಾರಿರುತ್ತಾರೆ ಎಂದು ನೋಡಿಕೊಳ್ಳಿ. ಹೊರಟವರಿಗೆ ಪ್ರಯಾಣದ ಗಡಿಬಿಡಿ ಇರುತ್ತದೆ, ಉಳಿದವರಿಗೆ ಖಾಲಿ ಕೋಣೆ. ಅತ್ತೆಯನ್ನೋ ಚಿಕ್ಕಮ್ಮನನ್ನೋ ಎರಡು ದಿನ ಬಂದಿರಲು ಕರೆಯಿರಿ.

ಅಜ್ಜಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ‘ಹಾಗೆಲ್ಲ ಹೇಳಬೇಡ ಅಜ್ಜಿ, ನಿನಗೇನೂ ಆಗುವುದಿಲ್ಲ’ ಎನ್ನಬೇಡಿ. 83ರ ಹಿರಿಯರಿಗೆ ತಮ್ಮ ವಯಸ್ಸು ನಮಗಿಂತ ಚೆನ್ನಾಗಿ ಗೊತ್ತು, ಆ ಮಾತನ್ನು ನಾವು ತಳ್ಳಿಹಾಕಿದರೆ ಅವರು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ‘ನನಗೂ ಅದೇ ಹೆದರಿಕೆ ಅಜ್ಜಿ’ ಎಂದು ಒಮ್ಮೆ ಒಪ್ಪಿಕೊಳ್ಳಿ. ಆಮೇಲೆ ಮುಂದೆ ಬರುವ ದಿನವನ್ನು ಹೇಳಿ. ತಿಂಗಳು, ತಾರೀಖು ಬೇಡ, ಅವರು ಕಾಲ ಎಣಿಸುವುದು ಹಬ್ಬದಿಂದ. ನಿಮ್ಮ ಪರೀಕ್ಷೆಯ ಪಟ್ಟಿ, ಟಿಕೆಟಿನ ಹಣ ಎರಡನ್ನೂ ನೋಡಿ, ನಿಜವಾಗಿ ಆಗುತ್ತದೆ ಎಂದಾದರೆ ಮಾತ್ರ ‘ಮುಂದಿನ ಚೌತಿಗೆ ಬರುತ್ತೇನೆ’ ಎನ್ನಿ. ಆಗುವುದಿಲ್ಲವೆಂದಾದರೆ ‘ಎರಡು ಚೌತಿ ಕಳೆಯಬೇಕು’ ಎಂದೇ ಹೇಳಿ. ಬಸ್ಸಿಗೆ ಹೊತ್ತಾದಾಗ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳುವ ಮಾತಲ್ಲ ಇದು. ಹಿಂದಿನ ದಿನ ಮಧ್ಯಾಹ್ನ ಊಟವಾಗಿ ಅವರು ಕವಳದ ತಟ್ಟೆ ಹತ್ತಿರ ಎಳೆದುಕೊಂಡಾಗ, ಎದುರಿಗೆ ಕುಳಿತು, ಅವರ ವೀಳ್ಯದೆಲೆಗೆ ಸುಣ್ಣ ಹಚ್ಚಿಕೊಡುತ್ತ ಹೇಳಿ.